ಸ್ಕಿಜೋರಿಂಗ್ ಸೆಟ್: ಬೆಲ್ಟ್ ಸೂಪರ್, ಹಾರ್ನೆಸ್ ಮಾತ್ರ ಅಳತೆ ನೋಡಿ ತಗೊಳ್ಳಿ

ಚಳಿಗಾಲ ಪೂರ್ತಿ ಯೂಸ್ ಮಾಡಿದೀನಿ, ಸೆಟ್ಟಲ್ಲಿ ನಮ್ ಸೊಂಟಕ್ಕೆ ಬೆಲ್ಟು, ಬಂಜಿ ಹಗ್ಗ (ರಬ್ಬರ್ ಥರ ಹಿಗ್ಗೋದು), ನಾಯಿಗೆ ಎಕ್ಸ್-ಬ್ಯಾಕ್ ಹಾರ್ನೆಸ್ಸು (ಬೆನ್ನ ಮೇಲೆ ಪಟ್ಟಿಗಳು X ಥರ ಬರೋದು) ಬರತ್ತೆ. ಸ್ಕಿಜೋರಿಂಗ್ ಅಂದ್ರೆ ನಾವು ಸ್ಕೀ ಹಾಕ್ಕೊಂಡಿರ್ತೀವಿ, ನಾಯಿ ನಮ್ಮನ್ನ ಹಿಮದ ಮೇಲೆ ಎಳ್ಕೊಂಡು ಓಡತ್ತೆ ನೋಡಿ, ಆ ಮಜಾನೇ ಬೇರೆ, ಅದು ಜಿಗಿದಾಗ ಬೀಳೋ ಜರ್ಕನ್ನ ಬಂಜಿ ತಡ್ಕೊಳತ್ತೆ, ನಮ್ ಸೊಂಟಕ್ಕೂ ಅದರ ಬೆನ್ನಿಗೂ ಒಳ್ಳೇದು. ಬೆಲ್ಟಿಗೆ ತೊಡೆ ಪಟ್ಟಿ ಇರೋದ್ರಿಂದ ಮೇಲಕ್ಕೆ ಜಾರಲ್ಲ.

ನಂಗೆ ತುಂಬಾ ಇಷ್ಟ ಆಗಿದ್ದು ಕ್ವಿಕ್ ರಿಲೀಸು, ಅಂದ್ರೆ ಎಳೆದ ತಕ್ಷಣ ಹಗ್ಗ ಬಿಟ್ಕೊಳೋ ಕೊಂಡಿ. ಒಂದ್ಸಲ ಇಳಿಜಾರಲ್ಲಿ ಮೊಲ ಅಡ್ಡ ಬಂತು, ನಾಯಿ ದಾರಿ ಬಿಟ್ಟು ಸೀದಾ ಮರಗಳ ಕಡೆ ನುಗ್ತು, ಎಷ್ಟು ಕೂಗಿದ್ರೂ ಕೇಳ್ಲಿಲ್ಲ, ಗ್ಲೌಸ್ ಹಾಕಿದ್ ಕೈಲೇ ಎಳೆದೆ, ಟಕ್ಕಂತ ಬಿಟ್ಕೊಳ್ತು, ನಾನು ಹಿಮದಲ್ಲಿ ಉರುಳಿದೆ ಅಷ್ಟೇ, ಇಬ್ರಿಗೂ ಏನೂ ಆಗ್ಲಿಲ್ಲ. ಇದೊಂದಕ್ಕೇ ದುಡ್ಡು ಕೊಡಬಹುದು!

ಹಾರ್ನೆಸ್ ಸೈಜ್ ಚಾರ್ಟ್ ಮಾತ್ರ ಸರಿ ಇಲ್ಲ, ಮುಂಗಾಲಿನ ಹಿಂದೆ ಉಜ್ಜಿ ಕೂದ್ಲು ಉದುರ್ತು, ಪಾಪ, ಬೇರೆ ಸೈಜ್ ತರಿಸ್ಬೇಕಾಯ್ತು. ಅದಕ್ಕೆ ಒಂದು ಸ್ಟಾರ್ ಕಟ್. ಹಗ್ಗ ಸುಮಾರು 2.5 ಮೀಟರ್, ಒಂದು ನಾಯಿಗೆ ಸಾಕು. ಹೊಸಬ್ರು ದಯವಿಟ್ಟು ಮೆಟಲ್ ಎಡ್ಜ್ ಸ್ಕೀ ಹಾಕ್ಬೇಡಿ, ಡಿಕ್ಕಿ ಆದ್ರೆ ನಾಯಿ ಕಾಲು ಕೊಯ್ದುಹೋಗತ್ತೆ, ಮತ್ತೆ ‘ಜೀ’ ಅಂದ್ರೆ ಬಲ, ‘ಹಾ’ ಅಂದ್ರೆ ಎಡ ಅನ್ನೋದನ್ನ ಸ್ಕೀ ಇಲ್ದೆ ನಡ್ಕೊಂಡೇ ಮೊದ್ಲು ಕಲ್ಸಿ.