ಮರ ಕೊಯ್ಯುವ ಹಳೇ ಮಿಷನ್ 365ಕ್ಕೆ 372ರ ಬ್ಲಾಕ್: ನಮ್ಮ ಕಡೆಯ ಮೆಕ್ಯಾನಿಕ್ ಮೇಸ್ತ್ರಿ ಮಾಡಿಕೊಟ್ಟ ಕೆಲಸ ಹೇಗಿದೆ

ಮೊದಲೇ ಹೇಳಿಬಿಡುತ್ತೇನೆ. ಕೆಲಸ ಚೆನ್ನಾಗಿದೆ, ದುಡ್ಡು ದಂಡ ಆಗಿಲ್ಲ. ಆದರೆ ಹೇಳಿದ ದಿನಕ್ಕೆ ಮಿಷನ್ ಕೈಗೆ ಬರುತ್ತದೆ ಅಂತ ನಂಬಿ ಕೂರಬೇಡಿ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ನೆರಳಿಗೆ ಸಿಲ್ವರ್ ಓಕ್, ಹಲಸು, ಅಲ್ಲಲ್ಲಿ ಅತ್ತಿ, ಬಸರಿ. ಮನೆಯಲ್ಲಿ ಮರ ಕೊಯ್ಯುವ ಮಿಷನ್ ಎರಡಿವೆ. ಸಣ್ಣ ರೆಂಬೆ, ಸೌದೆಗೆ ಸ್ಟಿಲ್ ಕಂಪನಿಯ ಒಂದು ಚಿಕ್ಕದು. ದಿಮ್ಮಿ ಕೊಯ್ಯಲು ಅಪ್ಪನ ಕಾಲದ ಹಸ್ಕ್‌ವರ್ನಾ 365 ಸ್ಪೆಷಲ್. ಈ 365 ಕಳೆದ ಕೆಲವು ಮಳೆಗಾಲದಿಂದ ಸುಸ್ತಾಗಿತ್ತು. ಸ್ಟಾರ್ಟ್ ಆಗುತ್ತಿತ್ತು, ಆದರೆ ಹಲಸಿನ ಬುಡಕ್ಕೆ ಬಾರ್ (ಚೈನ್ ಸುತ್ತುವ ಪಟ್ಟಿ) ಪೂರ್ತಿ ಇಳಿಸಿದರೆ ದಮ್ಮು ಕಟ್ಟುತ್ತಿತ್ತು. ಕಂಪ್ರೆಷನ್ ಗೇಜ್ ಹಾಕಿ ನೋಡಿದಾಗ ಒಳಗಿನ ಒತ್ತಡ ಬರೀ 125 ಪಿಎಸ್‌ಐ. ಅಷ್ಟರಲ್ಲಿ ಪಕ್ಕದ ತೋಟದವರು ಅದೇ ಕಂಪನಿಯ ಹೊಸ ಮಾಡೆಲ್ 572 ಎಕ್ಸ್‌ಪಿ ತಂದರು. ಅದನ್ನು ನೋಡಿದ ಮೇಲೆ ನಮ್ಮ ಹುಡುಗರಿಗೆ 365 ಮುಟ್ಟಲು ಬೇಜಾರು.

ಹೊಸದು ತಗೊಳ್ಳೋಣ ಅಂತ ಬೆಲೆ ವಿಚಾರಿಸಿದೆ. ಆ ಬೆಲೆ ಕೇಳಿದ ಮೇಲೆಯೇ ಮೇಸ್ತ್ರಿ ಹತ್ತಿರ ಹೋಗಿದ್ದು.

ಇವರ ಅಂಗಡಿ ಇರುವುದು ತಾಲ್ಲೂಕು ಪೇಟೆಯ ಹಿಂಬದಿಯ ರಸ್ತೆಯಲ್ಲಿ. ಬೋರ್ಡ್ ಇಲ್ಲ. ಹೊರಗಡೆ ಯಾವಾಗಲೂ ಎರಡು ಮೂರು ಯಮಹಾ ಆರ್‌ಎಕ್ಸ್ 100 ನಿಂತಿರುತ್ತವೆ, ಅದೇ ಗುರುತು. ಟು ಸ್ಟ್ರೋಕ್ ಬೈಕಿನ ಪೋರ್ಟಿಂಗ್ (ಬ್ಲಾಕಿನಲ್ಲಿ, ಅಂದರೆ ಸಿಲಿಂಡರಿನಲ್ಲಿ, ಮಿಶ್ರಣ ಬರುವ, ಹೊಗೆ ಹೋಗುವ ಪೋರ್ಟ್ ಅನ್ನುವ ಕಿಂಡಿ ಕೊರೆದು ದೊಡ್ಡದು ಮಾಡುವುದು) ಮಾಡಿ ಮಾಡಿ ಕೈ ಪಳಗಿದವರು. ಬೈಕ್ ಕೆಲಸ ಕಡಿಮೆ ಆದಂತೆ ಕಳೆ ಕೊಚ್ಚುವ ಮಿಷನ್, ಸ್ಪ್ರೇಯರ್, ಮರ ಕೊಯ್ಯುವ ಮಿಷನ್ ಎಲ್ಲ ಹಿಡಿದುಕೊಂಡಿದ್ದಾರೆ.

ನಾನು ಕೇಳಿದ್ದು ಪೋರ್ಟಿಂಗ್. ಅವರು ಒಪ್ಪಲಿಲ್ಲ. "ಗೌಡ್ರೇ, ಆ ಆಟ ಆರ್‌ಎಕ್ಸ್‌ಗೆ ಸರಿ. ಅದು ಮೇಲಿನ ಆರ್‌ಪಿಎಂನಲ್ಲಿ ಓಡಿದರೆ ಸಾಕು. ಇದು ಮರದೊಳಗೆ ಕೂತು ಎಳೀಬೇಕು. ಎಕ್ಸಾಸ್ಟ್ ಪೋರ್ಟ್ ಜಾಸ್ತಿ ಅಗಲ ಮಾಡಿದ್ರೆ ಪಿಸ್ಟನ್ ರಿಂಗ್ ಅದರೊಳಗೆ ಸಿಕ್ಕಿಕೊಳ್ಳುತ್ತೆ, ಬ್ಲಾಕ್ ಹೋಗುತ್ತೆ" ಅಂದರು. ಬದಲಿಗೆ 372ರ ಬ್ಲಾಕ್ ಹಾಕಿಸಿ ಅಂತ ಅವರೇ ಸಲಹೆ ಕೊಟ್ಟರು. ಬೇಕಾದ್ದಕ್ಕಿಂತ ಹೆಚ್ಚಿನ ಕೆಲಸ ಹೇಳಿ ಬಿಲ್ ಏರಿಸುವವರ ನಡುವೆ ಇದು ಅಪರೂಪ, ಅಲ್ವಾ?

365 ಇಟ್ಟುಕೊಂಡವರಿಗೆ ಇಲ್ಲಿ ಒಂದು ಅನುಕೂಲ ಇದೆ. ಹಳೇ 365 ಮತ್ತು 372 ಎಕ್ಸ್‌ಪಿ ಎರಡಕ್ಕೂ ಕೆಳಗಿನ ಕ್ರ್ಯಾಂಕ್ ಕೇಸ್ ಒಂದೇ. ಕ್ರ್ಯಾಂಕ್ ಒಂದೇ, ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 36 ಮಿ.ಮೀ. ಬೋರ್, ಅಂದರೆ ಬ್ಲಾಕಿನ ಒಳ ಅಗಲ, ಮಾತ್ರ ಬೇರೆ. 365ಕ್ಕೆ 48 ಮಿ.ಮೀ., 372ಕ್ಕೆ 50. ಹಾಗಾಗಿ ಮೇಲಿನ ಬ್ಲಾಕ್, ಪಿಸ್ಟನ್ ಬದಲಿಸಿದರೆ 65.1 ಸಿಸಿ ಇದ್ದದ್ದು 70.7 ಸಿಸಿ ಆಗುತ್ತದೆ. ಕಂಪನಿ ಲೆಕ್ಕದಲ್ಲಿ 365 ಸ್ಪೆಷಲ್ 3.4 ಕಿಲೋವ್ಯಾಟ್, 372 ಎಕ್ಸ್‌ಪಿ 3.9. ಕೇಸ್ ಕೊರೆಯುವುದು, ವೆಲ್ಡಿಂಗ್, ಲೇತ್ ಕೆಲಸ ಏನೂ ಇಲ್ಲ. ಹಳೇ ಹಸ್ಕ್‌ವರ್ನಾ 61 ಇಟ್ಟುಕೊಂಡವರೂ ಇದೇ ರೀತಿ 268, 272ರ ಬ್ಲಾಕ್ ಕೂರಿಸುತ್ತಾರೆ. ಆ ಕಾಲದಲ್ಲಿ ಒಂದೇ ಕೇಸ್ ಮೇಲೆ ಬೇರೆ ಬೇರೆ ಮಾಡೆಲ್ ಕಟ್ಟುತ್ತಿದ್ದರು. ಈಗ ನಮಗೆ ಅದರ ಲಾಭ.

ಬ್ಲಾಕ್, ಪಿಸ್ಟನ್ ಸೇರಿದ ಕಿಟ್ ವಿಷಯದಲ್ಲಿ ಸ್ವಲ್ಪ ಕಿರಿಕಿರಿ ಆಯಿತು. ಒರಿಜಿನಲ್ ಬ್ಲಾಕ್ ಬೆಲೆ ಜಾಸ್ತಿ. ಹೆಸರಿಲ್ಲದ ಕಿಟ್ ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತದೆ. ನಾನು ತರಿಸಿದ ಮೊದಲ ಕಿಟ್ ಅಂಥದ್ದೇ ಒಂದು. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು, ಪೋರ್ಟಿನ ಅಂಚಿನ ಮೇಲೆ ಉಗುರು ಆಡಿಸಿ, ವಾಪಸ್ ಕಳಿಸಿ ಅಂದರು. ಅಂಚು ಬ್ಲೇಡಿನ ಹಾಗೆ ಚೂಪಾಗಿತ್ತು. ಒಳಗಿನ ಕೋಟಿಂಗ್ ಒಂದು ಕಡೆ ಗುಳ್ಳೆ ಎದ್ದಿತ್ತು. ಮಾರಿದವರು ದುಡ್ಡು ವಾಪಸ್ ಕೊಡಲು ತುಂಬಾ ಸತಾಯಿಸಿದರು, ಆ ಕಥೆ ಇಲ್ಲಿ ಬೇಡ. ಎರಡನೇ ಸಲ ಮೇಸ್ತ್ರಿ ಹೇಳಿದ ಕಡೆಯಿಂದಲೇ ಇಟಲಿಯ ಮಿಟಿಯೋರ್ ಕಿಟ್ ತರಿಸಿದೆ. ಅದರ ಅಂಚನ್ನೂ ಅವರು ಸಣ್ಣ ಕಲ್ಲಿನಲ್ಲಿ ಒಮ್ಮೆ ನಯ ಮಾಡಿಯೇ ಕೂರಿಸಿದರು.

ಎದುರಿಗೆ ಕೂತು ನೋಡಿದ್ದರಿಂದ ಕೆಲಸ ಹೇಗೆ ಮಾಡಿದರು ಅಂತ ಬರೆಯಬಲ್ಲೆ. ಮೊದಲು ಕ್ರ್ಯಾಂಕಿನ ಎರಡೂ ಬದಿ ಹಿಡಿದು ಅಲುಗಾಡಿಸಿ ಬೇರಿಂಗ್ ನೋಡಿದರು. ಬೇರಿಂಗ್ ಹೋಗಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಆ ದುಡ್ಡು ಹೊಸ ಮಿಷನ್‌ಗೆ ಇಟ್ಟುಕೊಳ್ಳಿ ಅಂತ ಮೊದಲೇ ಹೇಳಿದ್ದರು. ನಮ್ಮದು ಗಟ್ಟಿ ಇತ್ತು. ಆಯಿಲ್ ಸೀಲ್ ಎರಡೂ ಬದಲಾದವು. ಕಾರ್ಬುರೇಟರಿನ ರಬ್ಬರ್ ಬೂಟ್ ಹೊಸದು. ಕಾರ್ಬುರೇಟರ್ ಡಯಾಫ್ರಂ ತಗಡಿನಂತೆ ಬಿರುಸಾಗಿತ್ತು, ಅದೂ ಹೊಸದು.

ಆಮೇಲೆ ಸ್ಕ್ವಿಶ್. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಗೂ ಬ್ಲಾಕಿಗೂ ನಡುವೆ ಉಳಿಯುವ ಸಂದು ಅದು. ಸೋಲ್ಡರ್ ತಂತಿಯನ್ನು ಪ್ಲಗ್ ತೂತಿನಿಂದ ಇಳಿಸಿ, ಹಗ್ಗ ಎಳೆದು, ಜಜ್ಜಿದ ತಂತಿಯನ್ನು ಕ್ಯಾಲಿಪರ್‌ನಲ್ಲಿ ಅಳೆದರು. ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಬಂತು. ಬ್ಲಾಕಿನ ಅಡಿಯ ಬೇಸ್ ಗ್ಯಾಸ್ಕೆಟ್ ತೆಗೆದು, ಬರೀ ಸೀಲೆಂಟ್ ಸವರಿ ಕೂರಿಸಿದ ಮೇಲೆ ಅರ್ಧ ಮಿಲಿಮೀಟರಿನ ಆಸುಪಾಸಿಗೆ ಇಳಿಯಿತು. ಅಲ್ಲಿಗೆ ನಿಲ್ಲಿಸಿದರು. ಇನ್ನೂ ಕಡಿಮೆ ಮಾಡಿದರೆ ಪಿಸ್ಟನ್ ಬಿಸಿಗೆ ಹಿಗ್ಗಿ ಮೇಲೆ ತಟ್ಟುತ್ತದೆ. ಕೊನೆಗೆ ಎಲ್ಲ ತೂತು ಮುಚ್ಚಿ ಕೈಪಂಪಿನಲ್ಲಿ ಗಾಳಿ ತುಂಬಿಸಿ ಬಿಟ್ಟರು, ಮುಳ್ಳು ಇಳಿಯುತ್ತದಾ ನೋಡಲು. ಈ ಪರೀಕ್ಷೆ ಮಾಡದ ಮೆಕ್ಯಾನಿಕ್ ಹತ್ತಿರ ಟು ಸ್ಟ್ರೋಕ್ ಬ್ಲಾಕ್ ಕೂರಿಸಬೇಡಿ. ಎಲ್ಲೋ ಒಂದು ಕಡೆ ಗಾಳಿ ಎಳೆದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಜೊತೆಗೆ ಆಯಿಲ್ ಕೂಡ. ಹೊಸ ಪಿಸ್ಟನ್ ಅಲ್ಲೇ ಸೀಜ್.

ಸೈಲೆನ್ಸರ್ ಕೆಲಸ ಸರಳ. ಹೊಗೆ ಹೋಗುವ ಕಿಂಡಿಯನ್ನು ಸ್ವಲ್ಪ ದೊಡ್ಡದು ಮಾಡಿ, ಕಿಡಿ ತಡೆಯುವ ಜಾಲರಿ ಮತ್ತೆ ಹಾಕಿದರು. ಹೊಸ ಬ್ಲಾಕಿನ ಎಕ್ಸಾಸ್ಟ್ ಪೋರ್ಟಿಗಿಂತ ಕಿಂಡಿ ಸ್ವಲ್ಪ ಸಣ್ಣದೇ ಇರಬೇಕು ಅನ್ನುವುದು ಅವರ ಲೆಕ್ಕ. ಇಷ್ಟಕ್ಕೇ ಮಿಷನ್ ಹಗುರಾಗಿ ಉಸಿರಾಡುತ್ತದೆ. ಆದರೆ ಸದ್ದು! ಮೊದಲು ಕಿವಿಗೆ ಏನೂ ಹಾಕದೆ ಕೆಲಸ ಮಾಡುತ್ತಿದ್ದ ನಮ್ಮ ಹುಡುಗ ಈಗ ತಾನೇ ಇಯರ್ ಮಫ್ ಕೇಳಿ ತೆಗೆದುಕೊಳ್ಳುತ್ತಾನೆ. ಮನೆ ಹತ್ತಿರ ಬೆಳಿಗ್ಗೆ ಓಡಿಸಿದರೆ ಅಮ್ಮನ ಬೈಗುಳ ಗ್ಯಾರಂಟಿ. ವಾರಂಟಿ ಇರುವ ಮಿಷನ್‌ಗೆ ಇದನ್ನೆಲ್ಲ ಮಾಡಿಸಬೇಡಿ, ಕಂಪನಿಯವರು ಕೈ ಎತ್ತುತ್ತಾರೆ.

ಟ್ಯೂನಿಂಗ್‌ಗೆ ಅವರು ಆರ್‌ಪಿಎಂ ಅಳೆಯುವ ಟ್ಯಾಕೋಮೀಟರ್ ಬಳಸುತ್ತಾರೆ. ಸುಮ್ನೆ ಕಿವಿಯ ಮೇಲೆ ಬಿಡುವುದಿಲ್ಲ. 372ಕ್ಕೆ ಕಂಪನಿ ಹೇಳುವ ಗರಿಷ್ಠ 13,500 ಆರ್‌ಪಿಎಂ. ನಮ್ಮದನ್ನು 13,000ಕ್ಕೆ ಬಿಟ್ಟಿದ್ದಾರೆ. ಕಾರಣ ಈಗಿನ ಪೆಟ್ರೋಲ್. ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಈ ಮಿಷನ್‌ಗಳಿಗೆ ಕಂಪನಿಯವರು ಹತ್ತರ ಮೇಲೆ ಬೇಡ ಅನ್ನುತ್ತಾರೆ. ಎಥನಾಲ್ ಜಾಸ್ತಿ ಇದ್ದರೆ ಅದೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ, ಬ್ಲಾಕ್ ಬಿಸಿಯಾಗುತ್ತದೆ. ಅದಕ್ಕೆ ಕಾರ್ಬುರೇಟರಿನ ಎಚ್ ಸ್ಕ್ರೂ ಸ್ವಲ್ಪ ಬಿಚ್ಚಿ, ಪೆಟ್ರೋಲ್ ಜಾಸ್ತಿ ಹೋಗುವಂತೆ ಇಟ್ಟಿದ್ದಾರೆ. ಗಾಳಿಯಲ್ಲಿ ಎತ್ತಿ ಹಿಡಿದು ಫುಲ್ ಕೊಟ್ಟರೆ ಗರ್ರ್ ಅಂತ ಒಡೆದ ದನಿ, ಮರಕ್ಕೆ ಇಳಿಸಿದ ಕೂಡಲೇ ದನಿ ಶುದ್ಧ. ಹಾಗೆಯೇ ಇರಬೇಕು. ಆಯಿಲ್ 50ಕ್ಕೆ 1. ಕಲಸಿದ ಪೆಟ್ರೋಲ್ ವಾರಗಟ್ಟಲೆ ಕ್ಯಾನ್‌ನಲ್ಲಿ ಇಡುವ ಹಾಗಿಲ್ಲ, ನಮ್ಮ ಮಳೆಗಾಲದ ತೇವಕ್ಕೆ ಎಥನಾಲ್ ನೀರು ಎಳೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇವೆ.

ಇನ್ನು ಹೋಲಿಕೆ. ಪಕ್ಕದ ತೋಟದವರ 572 ತರಿಸಿ, ಒಂದೇ ಸಿಲ್ವರ್ ದಿಮ್ಮಿಗೆ ಹಾಕಿ ನೋಡಿದೆವು. ಸುಮಾರು ಒಂದೂವರೆ ಅಡಿ ದಪ್ಪ. ಎರಡಕ್ಕೂ 20 ಇಂಚಿನ ಬಾರ್, ಎರಡಕ್ಕೂ ಹೊಸದಾಗಿ ಅರ ಹಾಕಿದ ಚೈನ್. ಕಾಗದದ ಮೇಲೆ 572 ಮುಂದಿದೆ: 70.6 ಸಿಸಿ, 4.3 ಕಿಲೋವ್ಯಾಟ್. ಮರದ ಮೇಲೂ ಅದೇ ಮೊದಲು ಮುಗಿಸಿತು, ಆದರೆ ಒಂದು ಉಸಿರಿನಷ್ಟು ಮಾತ್ರ. ಹಳೇ ಬ್ಲಾಕ್ ಇದ್ದಾಗ ನಮ್ಮದು ಇದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಈಗ ಗೇಜ್ ತೋರಿಸುವುದು 175 ಪಿಎಸ್‌ಐ. ಹಗ್ಗ ಎಳೆಯಲು ಜೋರು ಬೇಕು, ಹೊಸ ಬ್ಲಾಕಿನಲ್ಲಿ ಸ್ಟಾರ್ಟ್ ಮಾಡುವಾಗ ಒತ್ತಡ ಬಿಡುವ ಡಿಕಂಪ್ರೆಷನ್ ವಾಲ್ವ್ ಇರುವುದರಿಂದ ಬಚಾವ್.

ಕೊಯ್ಯುವ ವೇಗ ಬಿಟ್ಟು ಉಳಿದದ್ದರಲ್ಲಿ ಹೊಸದರ ಮೇಲುಗೈ ಒಪ್ಪಲೇಬೇಕು. 572ರಲ್ಲಿ ಕೈ ನಡುಗುವುದು ತುಂಬಾ ಕಡಿಮೆ. ಅರ್ಧ ದಿನ ಹಿಡಿದವನಿಗೆ ಇದರ ಬೆಲೆ ಗೊತ್ತು. ಪೆಟ್ರೋಲ್ ಕಡಿಮೆ ಕುಡಿಯುತ್ತದೆ. ಅದರ ಎಕ್ಸ್-ಟಾರ್ಕ್ ವ್ಯವಸ್ಥೆಯಲ್ಲಿ ಸುಟ್ಟ ಹೊಗೆಗೂ ಹೊಸ ಮಿಶ್ರಣಕ್ಕೂ ನಡುವೆ ಬರೀ ಗಾಳಿಯ ಪದರ ಬರುವುದರಿಂದ ಸುಡದ ಪೆಟ್ರೋಲ್ ಸೈಲೆನ್ಸರಿಗೆ ಹೋಗುವುದು ತಪ್ಪುತ್ತದೆ. ನಮ್ಮ ಹಳೇದು ಟ್ಯಾಂಕ್ ತುಂಬಿಸಿದಷ್ಟೂ ಕೇಳುತ್ತದೆ. ಮಿಶ್ರಣ ತಾನೇ ಹೊಂದಿಸಿಕೊಳ್ಳುವ ಆಟೋಟ್ಯೂನ್ ಇರುವುದರಿಂದ 572ಕ್ಕೆ ಸ್ಕ್ರೂ ತಿರುಗಿಸುವ ಕೆಲಸವೇ ಇಲ್ಲ. ತೂಕದಲ್ಲಿ ಮಾತ್ರ ನಮ್ಮದು ಗೆದ್ದಿತು. ಬಾರ್, ಚೈನ್ ಬಿಟ್ಟು 572 6.6 ಕೆಜಿ, ನಮ್ಮದು ಆರರ ಆಸುಪಾಸು. ಬಿದ್ದ ಮರದ ರೆಂಬೆ ಸವರುವಾಗ ಈ ಅರ್ಧ ಕೆಜಿ ಗೊತ್ತಾಗುತ್ತದೆ.

ಇನ್ನೊಂದು ಮಾತು, ಮೇಸ್ತ್ರಿ ಹೇಳಿದ್ದಲ್ಲ, ನನ್ನದು. ಬ್ಲಾಕಿಗೆ ದುಡ್ಡು ಹಾಕುವ ಮೊದಲು ಚೈನ್ ನೋಡಿ. ನಮ್ಮ ಕಡೆ ಮರದ ತೊಗಟೆ ಮೇಲೆ ಗೆದ್ದಲಿನ ಮಣ್ಣು ಹತ್ತಿರುತ್ತದೆ, ಬುಡದಲ್ಲಿ ಮಳೆಗೆ ಸಿಡಿದ ಕೆಸರು. ಬೇಲಿ ಸಾಲಿನ ಮರ ಆದರೆ ಒಳಗೆ ಹಳೇ ಮುಳ್ಳುತಂತಿ. ಎರಡು ಕೊಯ್ತಕ್ಕೆ ಹಲ್ಲು ಮೊಂಡಾಗುತ್ತದೆ. 3/8 ಚೈನಿಗೆ 5.5 ಮಿ.ಮೀ. ಅರ ಹಿಡಿದು, ಎಲ್ಲ ಹಲ್ಲಿಗೂ ಒಂದೇ ಸಮ ಹಾಕಬೇಕು. ಹಲ್ಲಿನ ಮುಂದಿರುವ ಮೊಟಕು ಗೂಟವನ್ನು ಹಲ್ಲಿಗಿಂತ 0.65 ಮಿ.ಮೀ. ತಗ್ಗಿಸಬೇಕು. ಹೆಚ್ಚಿನವರು ಈ ಗೂಟ ಮುಟ್ಟುವುದೇ ಇಲ್ಲ. ಚೈನ್ ಹರಿತ ಇದ್ದರೂ ಮರ ಕಚ್ಚುವುದಿಲ್ಲ, ಬರೀ ನುಣ್ಣನೆ ಪುಡಿ ಬರುತ್ತದೆ, ಆಗ ಮಿಷನ್‌ಗೆ ಪವರ್ ಇಲ್ಲ ಅನ್ನುತ್ತಾರೆ. ಮೊಂಡು ಚೈನ್ ಹಾಕಿ 572 ಓಡಿಸಿದರೆ ನಮ್ಮ ಹಳೇ 365 ಸ್ಪೆಷಲ್ ಕೂಡ ಅದನ್ನು ಹಿಂದೆ ಹಾಕುತ್ತಿತ್ತು.

ಖರ್ಚು: ಕಿಟ್, ಸೀಲ್, ಡಯಾಫ್ರಂ, ಮಜೂರಿ ಎಲ್ಲ ಸೇರಿ ₹18,000 ಚಿಲ್ಲರೆ. ಹೊಸದಕ್ಕೆ ನನಗೆ ಹೇಳಿದ ಬೆಲೆಯ ಕಾಲು ಭಾಗಕ್ಕಿಂತ ಕಡಿಮೆ. ಬಿಲ್ ಕೊಡುವುದಿಲ್ಲ. ಗ್ಯಾರಂಟಿ ಬಾಯಿಮಾತಿನದು. ಒಂದು ವಾರ ಅಂದದ್ದು ತಿಂಗಳ ಹತ್ತಿರ ಹೋಯಿತು. ಫೋನ್ ಎತ್ತುವುದು ಕಡಿಮೆ, ಹೋಗಿ ಎದುರಿಗೆ ನಿಂತರೆ ಮಾತ್ರ ಕೆಲಸ ನಡೆಯುತ್ತದೆ. ಮೇ ಕೊನೆಯಲ್ಲಿ ಕೊಟ್ಟು ಜೂನ್ ಮಳೆಗೆ ಮಿಷನ್ ಬೇಕು ಅಂದರೆ ಆಗದ ಮಾತು. ಕಾಫಿ ಕೊಯ್ಲಿನ ಹೊತ್ತಿಗೆ ಕೊಡಿ, ಮರಗಸಿ (ನೆರಳಿನ ಮರದ ರೆಂಬೆ ಸವರುವ) ಹೊತ್ತಿಗೆ ಕೈಗೆ ಬರುತ್ತದೆ. ತಂದ ಮೇಲೆ ಮೊದಲ ಕೆಲವು ಟ್ಯಾಂಕ್ ಹದವಾಗಿ ಓಡಿಸಿ, ರಿಂಗ್ ಕೂರಬೇಕು.

ನಮ್ಮದು ನೋಡಿ ಪರಿಚಯದ ಒಬ್ಬರು ತಮ್ಮ 365 ಹೊತ್ತುಕೊಂಡು ಹೋಗಿ 372ರ ಬ್ಲಾಕ್ ಹಾಕಿ ಅಂದರು. ಮೇಸ್ತ್ರಿ ಹಾಕಲಿಲ್ಲ. ಅವರದು ಆಮೇಲೆ ಬಂದ ಎಕ್ಸ್-ಟಾರ್ಕ್ 365. ಹೆಸರು 365 ಆದರೂ ಅದು ಆಗಲೇ 50 ಮಿ.ಮೀ. ಬೋರ್, 70.7 ಸಿಸಿ. ಪಿಸ್ಟನ್ ಕೆಳಗಿನಿಂದ ಮಿಶ್ರಣ ಮೇಲೆ ಬರುವ ದಾರಿಗೆ ಕಂಪನಿಯವರೇ ಅಡ್ಡ ಇಟ್ಟು 3.6 ಕಿಲೋವ್ಯಾಟಿಗೆ ಕಟ್ಟಿಹಾಕಿರುತ್ತಾರೆ. ಆ ಅಡ್ಡ ತೆಗೆದರೆ ಸಾಕು, ಕಿಟ್ ದುಡ್ಡು ಪೂರ್ತಿ ಉಳಿಯುತ್ತದೆ. ನಿಮ್ಮದು ಯಾವುದು ಅಂತ ಕಿಟ್ ತರಿಸುವ ಮುಂಚೆ ಕವರ್ ಮೇಲಿನ ಎಕ್ಸ್-ಟಾರ್ಕ್ ಅಕ್ಷರ ನೋಡಿ. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಸೈಲೆನ್ಸರ್ ಬಿಚ್ಚಿ ಪಿಸ್ಟನ್ ನೋಡಿದರೆ ಮೇಸ್ತ್ರಿಗೆ ಗೊತ್ತಾಗುತ್ತದೆ. ಅದಕ್ಕೆ ಅವರು ದುಡ್ಡು ಕೇಳುವುದಿಲ್ಲ.