ಹಕ್ಸ್‌ಲಿಯ ಎರಡು ವಿದ್ಯಾರ್ಥಿ ಪದಕಗಳು ಮತ್ತು ಒಂದು ಕಳಪೆ ಮರುಮುದ್ರಣ

ವಿಕ್ಟೋರಿಯಾ ಕಾಲದ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿಯ ಜೀವನಚರಿತ್ರೆಯನ್ನು ಅವನ ಮಗ ಲಿಯೊನಾರ್ಡ್, ತಂದೆಯ ಪತ್ರಗಳ ಸಮೇತ, 1900ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಅದರ ಮರುಮುದ್ರಣವೊಂದನ್ನು ಈಚೆಗೆ ಆನ್‌ಲೈನಿನಲ್ಲಿ ತರಿಸಿಕೊಂಡೆ. ನನ್ನ ಆಸಕ್ತಿ ಇದ್ದದ್ದು ಮುಖ್ಯವಾಗಿ ಅವನ ವಿದ್ಯಾರ್ಥಿ ದಿನಗಳಲ್ಲಿ. ಡಾರ್ವಿನ್ನನ ಪರವಾಗಿ ವಾದಕ್ಕಿಳಿಯುವ, ಬ್ರಿಟನ್ನಿನ ವಿಜ್ಞಾನಿಗಳ ಸಂಸ್ಥೆಯಾದ ರಾಯಲ್ ಸೊಸೈಟಿಯ ಗೌರವಗಳು ಬರುವ ಎಷ್ಟೋ ಮೊದಲು, ಶಾಲಾ ಶಿಕ್ಷಕನ ಮಗನೊಬ್ಬ ಪರೀಕ್ಷೆ ಬರೆದು ಗೆದ್ದ ಎರಡು ಪದಕಗಳ ಕಥೆಯಲ್ಲಿ. ಆ ದೃಷ್ಟಿಯಿಂದ ಪುಸ್ತಕಕ್ಕೆ ಧಾರಾಳವಾಗಿ ಅಂಕ ಕೊಡಬಲ್ಲೆ. ನನ್ನ ಕೈಸೇರಿದ ಪ್ರತಿಗೆ ಕೊಡಲಾರೆ.

ಹಕ್ಸ್‌ಲಿ ಹುಟ್ಟಿದ್ದು 1825ರಲ್ಲಿ, ಲಂಡನ್ನಿನ ಪಶ್ಚಿಮಕ್ಕಿರುವ ಈಲಿಂಗ್‌ನಲ್ಲಿ. ಕ್ರಮವಾಗಿ ಶಾಲೆಗೆ ಹೋದದ್ದು ಎರಡೇ ವರ್ಷ. 1842ರಲ್ಲಿ ಅವನಿಗೂ ಅವನ ಅಣ್ಣ ಜೇಮ್ಸ್‌ಗೂ ಚೇರಿಂಗ್ ಕ್ರಾಸ್ ಆಸ್ಪತ್ರೆಯ ವೈದ್ಯಶಾಲೆಯಲ್ಲಿ ಉಚಿತ ಪ್ರವೇಶ ದೊರೆಯಿತು. ಅದೇ ವರ್ಷ, 17ರ ವಯಸ್ಸಿನಲ್ಲಿ, ಅಪೊತಿಕರಿಗಳ (ಔಷಧ ತಯಾರಕರ) ಸಂಘದ ಸಸ್ಯಶಾಸ್ತ್ರ ಸ್ಪರ್ಧೆಗೆ ಕೂತ ಪ್ರಸಂಗವನ್ನು ಅವನೇ ಬರೆದಿಟ್ಟಿದ್ದ. ಲಿಯೊನಾರ್ಡ್ ಅದನ್ನು ಕತ್ತರಿಸದೆ ಕೊಟ್ಟಿರುವುದು ನಮ್ಮ ಪುಣ್ಯ. ಬೆಳಿಗ್ಗೆಯಿಂದ ನಡುರಾತ್ರಿಯವರೆಗೆ, ಕೆಲವೊಮ್ಮೆ ಬೆಳಕು ಹರಿಯುವವರೆಗೂ ಓದಿ ಕಣ್ಣು ಕೆಡಿಸಿಕೊಂಡವನು ಪರೀಕ್ಷೆಗೆ ಹೊರಟಾಗ ಅಕ್ಕ ಲಿಝಿ ಅದೃಷ್ಟ ಒಲಿಯಲೆಂದು ಹಿಂದಿನಿಂದ ತನ್ನ ಪಾದರಕ್ಷೆಯನ್ನು ಎಸೆದಳಂತೆ. (ನಮ್ಮ ಮನೆಗಳಲ್ಲಾಗಿದ್ದರೆ ಹೊರಟವನನ್ನು ವಾಪಸು ಕರೆದು ನೀರು ಕುಡಿಸಿ ಕಳಿಸುತ್ತಿದ್ದರು.) ಉದ್ದನೆಯ ಮೇಜಿನ ಸುತ್ತ ತನಗಿಂತ ಹಿರಿಯರಾದ ಐವರು, ಎಲ್ಲರ ಮುಂದೆ ಪ್ರಶ್ನೆಪತ್ರಿಕೆ ಮತ್ತು ಗುರುತಿಸಬೇಕಾದ ಗಿಡಗಳು, ಲೇಖನಿಗಳ ಪರಪರ ಸದ್ದು, ನಡುನಡುವೆ ಪರೀಕ್ಷಕ ಮಗುಚುವ ‘ಟೈಮ್ಸ್’ ಪತ್ರಿಕೆಯ ಸಪ್ಪಳ. ಹನ್ನೊಂದಕ್ಕೆ ಶುರುವಾದ ಪರೀಕ್ಷೆ ನಾಲ್ಕಕ್ಕೆ ಮುಗಿಯಬೇಕಿತ್ತು. ಹಕ್ಸ್‌ಲಿ ಮತ್ತು ಸ್ಟಾಕ್ಸ್ ಎಂಬ ಇನ್ನೊಬ್ಬ ಅರ್ಧವೂ ಬರೆದಿರದ ಕಾರಣ ಹೆಚ್ಚಿನ ಸಮಯ ಬೇಡಿ ಪಡೆದರು. ಹಕ್ಸ್‌ಲಿ ಬರೆದು ಮುಗಿಸಿದ್ದು ರಾತ್ರಿ ಎಂಟು ದಾಟಿದ ಮೇಲೆ, ಸ್ಟಾಕ್ಸ್ ಒಂಬತ್ತರ ಹೊತ್ತಿಗೆ.

ಬಹುಮಾನಗಳೆಲ್ಲ ಯೂನಿವರ್ಸಿಟಿ ಕಾಲೇಜಿನವರ ಪಾಲಾದವೆಂಬ ಸುದ್ದಿ ಕೇಳಿ ಹಕ್ಸ್‌ಲಿ ಆಸೆ ಬಿಟ್ಟಿದ್ದ. ಒಂದು ದಿನ ಮನೆಗೆ ಬಂದರೆ ಹೆಂಗಸರೆಲ್ಲ ಮುತ್ತಿಕೊಂಡು ಮುದ್ದಿಡುತ್ತಿದ್ದಾರೆ! ತಡೆಯಲಾರದೆ ಲಿಝಿ ಒಡೆದು ಓದಿದ್ದ ಪತ್ರದಲ್ಲಿ ಅವನಿಗೆ ಎರಡನೆಯ ಸ್ಥಾನ ಬಂದಿತ್ತು. ಬೆಳ್ಳಿ ಪದಕ ಕೈಸೇರಿದ್ದು ನವೆಂಬರ್ 9ರಂದು.

ಮೊದಲಿಗನಾದ ಜಾನ್ ಎಲ್ಲರ್ಟನ್ ಸ್ಟಾಕ್ಸ್‌ಗೆ ಪುಸ್ತಕ ಹೆಚ್ಚು ಜಾಗ ಕೊಡುವುದಿಲ್ಲ. ಭಾರತದ ಓದುಗನಿಗೆ ಇದು ಕೊರತೆಯೇ. ಬೊಂಬಾಯಿ ಪ್ರಾಂತದ ವೈದ್ಯಸೇವೆಗೆ ಸೇರಿ, ಸಿಂಧ್‌ನ ಅರಣ್ಯಗಳ ಹೊಣೆ ಹೊತ್ತು, 1854ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಆತನ ಹೆಸರು ಮಲಬಾರ್ ಮತ್ತು ಕೊಂಕಣದ ಹಳೆಯ ಹರ್ಬೇರಿಯಂ ಹಾಳೆಗಳ (ಒಣಗಿಸಿದ ಗಿಡಗಳನ್ನು ಅಂಟಿಸಿಟ್ಟ ಹಾಳೆಗಳ) ಚೀಟಿಗಳಲ್ಲಿ ಈಗಲೂ ಸಿಗುತ್ತದೆ.

ಎರಡನೆಯ ಪದಕ ಚಿನ್ನದ್ದು. 1845ರಲ್ಲಿ ಲಂಡನ್ ವಿಶ್ವವಿದ್ಯಾಲಯದ ವೈದ್ಯಪದವಿಯ (ಎಂ.ಬಿ.) ಮೊದಲ ಪರೀಕ್ಷೆಯಲ್ಲಿ, ಅಂಗರಚನಾಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರಕ್ಕೆ ಬಂದದ್ದು. ಕೂದಲಿನ ಬುಡದ ಒಳಪೊರೆಯಲ್ಲಿ ಅವನು ಗುರುತಿಸಿದ, ಇಂದಿಗೂ ಅವನ ಹೆಸರಿನಲ್ಲೇ ಇರುವ ಪದರದ ವಿವರ ಅಚ್ಚಾದದ್ದೂ ಅದೇ ವರ್ಷ. ಇಷ್ಟಾದರೂ ಎರಡನೆಯ ಪರೀಕ್ಷೆಗೆ ಅವನು ಕೂರಲೇ ಇಲ್ಲ. ಸಹಪಾಠಿ ಜೋಸೆಫ್ ಫೇರರ್, ಮುಂದೆ ಭಾರತದ ವಿಷದ ಹಾವುಗಳ ಕುರಿತು ಹೆಸರಾಂತ ಗ್ರಂಥ ಬರೆದವನು, ಕೊಟ್ಟ ಸಲಹೆಯಂತೆ ನೌಕಾಪಡೆಗೆ ಅರ್ಜಿ ಹಾಕಿ, 1846ರಲ್ಲಿ ‘ರ್‍ಯಾಟಲ್‌ಸ್ನೇಕ್’ ಹಡಗು ಹತ್ತಿದ. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಹಕ್ಸ್‌ಲಿ. ಆ ಭಾಗದಲ್ಲಿ ಸಮಿತಿಗಳ, ಭಾಷಣಗಳ ಪತ್ರವ್ಯವಹಾರ ವಿಪರೀತವಾಗಿದ್ದು, ಪುಟ ಹಾರಿಸಿ ಓದಿದರೆ ನಷ್ಟವೇನಿಲ್ಲ.

ಇನ್ನು ಪ್ರತಿಯ ವಿಚಾರ. ಪ್ರಕಾಶಕರ ಹೆಸರು ಹೇಳುವುದಿಲ್ಲ; ಬೇಡಿಕೆ ಬಂದಾಗ ಮಾತ್ರ ಮುದ್ರಿಸಿ ಕಳಿಸುವ ಸಂಸ್ಥೆಗಳಲ್ಲಿ ಅದೂ ಒಂದು. ಹೊದಿಕೆ ಮಿರಮಿರ ಮಿಂಚುತ್ತದೆ, ಒಳಗಿರುವುದು ಹಳೆಯ ಪುಟಗಳ ಮಸುಕು ಸ್ಕ್ಯಾನ್. ದೊಡ್ಡ ಅಕ್ಷರಗಳನ್ನು ಹೇಗೋ ಓದಬಹುದು. ಆದರೆ ಬೆಳ್ಳಿ ಪದಕದ ತಾರೀಖು ಇರುವುದೇ ಅಡಿಟಿಪ್ಪಣಿಯಲ್ಲಿ, ಅಲ್ಲಿ ಅಕ್ಷರಗಳ ಹೊಟ್ಟೆಯೆಲ್ಲ ಮಸಿ ತುಂಬಿ, 9 ಯಾವುದು 8 ಯಾವುದು ಎಂದು ಭೂತಗನ್ನಡಿ ಹಿಡಿದರೂ ತಿಳಿಯಲಿಲ್ಲ. ‘ಸಂಪೂರ್ಣ’ ಎಂದು ಮಾರಿದ್ದು ಮೊದಲ ಸಂಪುಟ ಮಾತ್ರ. ದೂರು ಕೊಟ್ಟಾಗ ಬಂದ ಉತ್ತರ, ಪುಸ್ತಕ ಹಳೆಯದಾದ್ದರಿಂದ ಹೀಗಾಗುತ್ತದೆ ಎಂದು. ಹಣ ಮರಳಲಿಲ್ಲ.

ಕೊಳ್ಳಬೇಕೆಂದಿರುವವರು ಮೊದಲು ಹಳೆಯ ಪುಸ್ತಕಗಳ ಆನ್‌ಲೈನ್ ಭಂಡಾರವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣಕ್ಕೆ ಹೋಗಲಿ. ಇದೇ ಕೃತಿ ಅಲ್ಲಿ ಮೂರು ಸಂಪುಟಗಳಾಗಿ, ಅಡಿಟಿಪ್ಪಣಿಗಳ ಸಹಿತ, ಬಿಟ್ಟಿಯಾಗಿ ಸಿಗುತ್ತದೆ, ಫೋನಿನಲ್ಲೂ ಸಲೀಸಾಗಿ ಓದಬಹುದು. ಕಾಗದದ ಪ್ರತಿಯೇ ಬೇಕೆನ್ನುವವರು ಯಾವ ಸಂಪುಟ, ಅನುಕ್ರಮಣಿಕೆ ಇದೆಯೇ ಎಂದು ವಿಚಾರಿಸಿ, ಒಳಪುಟವೊಂದರ ಚಿತ್ರ ತರಿಸಿಕೊಂಡ ಮೇಲೆಯೇ ಹಣ ಕಟ್ಟುವುದು ಒಳ್ಳೆಯದು. ನನ್ನ ಪ್ರತಿಗೆ ಐದಕ್ಕೆ ಒಂದೂವರೆ ನಕ್ಷತ್ರ, ಅದರಲ್ಲಿ ಒಂದು ಲಿಝಿಗೆ.