ಟೈಮ್ಸ್ ನ್ಯೂ ರೋಮನ್ನೋ, ಜಾರ್ಜಿಯಾವೋ?

ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿನ ಪ್ರೆಸ್ಸಿಗೆ ಸ್ಮರಣ ಸಂಚಿಕೆಯ ಇಂಗ್ಲಿಷ್ ಪುಟಗಳನ್ನು ಕೊಡುವ ಮುನ್ನ ಈ ಎರಡು ಸೆರಿಫ್ (ಗೆರೆಗಳ ತುದಿಯಲ್ಲಿ ಪುಟ್ಟ ಚಾಚು ಇರುವ) ಇಂಗ್ಲಿಷ್ ಫಾಂಟುಗಳನ್ನು ಒಂದೇ ಹಾಳೆಯಲ್ಲಿ ತೆಗೆದು ನೋಡಿ.

ಟೈಮ್ಸ್ ಬಳಕೆಗೆ ಬಂದದ್ದು 1932ರಲ್ಲಿ, ಲಂಡನ್ನಿನ ದಿನಪತ್ರಿಕೆಯೊಂದಕ್ಕಾಗಿ. ಸ್ಟ್ಯಾನ್ಲಿ ಮಾರಿಸನ್ ಮೇಲ್ವಿಚಾರಣೆಯಲ್ಲಿ ವಿಕ್ಟರ್ ಲಾರ್ಡೆಂಟ್ ಬಿಡಿಸಿದರು. ಕಿರಿದಾದ ಕಾಲಂನಲ್ಲಿ ಹೆಚ್ಚು ಮಾತು ಹಿಡಿಸಬೇಕಿತ್ತು. ಅದಕ್ಕೇ ಅಕ್ಷರಗಳು ಒತ್ತೊತ್ತಾಗಿ ನಿಲ್ಲುತ್ತವೆ. ಪುಟ ಉಳಿಯುತ್ತದೆ, ಕಾಗದದ ಖರ್ಚೂ ಉಳಿಯುತ್ತದೆ. ಆದರೆ ಅಗಲವಾದ ಸಾಲಿನಲ್ಲಿ ಹರಡಿದರೆ ಕಣ್ಣು ಬೇಗ ದಣಿಯುತ್ತದೆ. ಕಚೇರಿ ಅರ್ಜಿಯ ಕಳೆಯೂ ಅದಕ್ಕೆ ಅಂಟಿಕೊಂಡಿದೆ. ಪಾಪ, ತಪ್ಪು ಅಕ್ಷರದ್ದಲ್ಲ.

ಮ್ಯಾಥ್ಯೂ ಕಾರ್ಟರ್ ಮೈಕ್ರೋಸಾಫ್ಟಿಗಾಗಿ ರಚಿಸಿದ ಜಾರ್ಜಿಯಾ 1996ರಲ್ಲಿ ಬಂತು, ಕಂಪ್ಯೂಟರ್ ಪರದೆಗೆಂದೇ. ಮೈ ಅಗಲ, ಜಾಗ ಹೆಚ್ಚು ತಿನ್ನುತ್ತದೆ. ಆದರೆ ಸಂಚಿಕೆಯನ್ನು ಮೊಬೈಲಿನಲ್ಲಿ ಓದುವವರಿಗೆ ಇದೇ ಹಿತ. ಅಂಕಿಗಳ ಮೇಲೆ ಕಣ್ಣಿಡಿ: 3, 4, 5, 7, 9 ಸಾಲಿನಿಂದ ಕೆಳಗೆ ಕಾಲು ಚಾಚುತ್ತವೆ, 6 ಮತ್ತು 8 ತಲೆ ಎತ್ತುತ್ತವೆ. ವಾಕ್ಯದ ನಡುವೆ 1975 ಎಂದು ಬಂದರೆ ಚೆಂದ. ದೇಣಿಗೆದಾರರ ಪಟ್ಟಿಯಲ್ಲಿ ರೂಪಾಯಿಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಸಾಲು ಕುಣಿದಂತೆ ಕಾಣುತ್ತದೆ. ಆ ಪುಟಕ್ಕೆ ಟೈಮ್ಸೇ ಸರಿ.

ಲೇಖನಗಳಿಗೆ ನನ್ನ ಮತ ಜಾರ್ಜಿಯಾಕ್ಕೆ. ದುಂಡಗಿನ ಕನ್ನಡದ ಪಕ್ಕ ಟೈಮ್ಸ್‌ನ ತೆಳುಗೆರೆಗಳು ಬಡಕಲಾಗಿ ಕಾಣುತ್ತವೆ. ಯಾವುದನ್ನೇ ಆರಿಸಿದರೂ ಸಾಲುಗಳ ಅಂತರವನ್ನು ಕನ್ನಡಕ್ಕೆ ತಕ್ಕಂತೆ ಇಡಿಸಿ. ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ.